ಕವಳದ ಸಂಚಿ ಮತ್ತು ಸ್ಟಾಕಿನ ಕೊರತೆ: ಕಾರವಾರದ ಅಂಗಡಿಯೊಂದರ ಪ್ರಕರಣ

ಆ ಅಂಗಡಿಯ ಲೆಕ್ಕಪತ್ರವನ್ನು ಆರು ವರ್ಷಗಳಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ತಿಂಗಳು ತಿಂಗಳು ಜಿಎಸ್‌ಟಿ ವಿವರ ಸಲ್ಲಿಸುವುದು, ಮಾರ್ಚ್ ಕೊನೆಗೆ ದಾಸ್ತಾನು ತಾಳೆ ನೋಡುವುದು ನನ್ನ ಕೆಲಸ. ಹಾಗಾಗಿ ಈ ಪ್ರಕರಣದಲ್ಲಿ ನಾನು ತಟಸ್ಥನಲ್ಲ. ಅಂಗಡಿಯವರ ಹಣ ನನ್ನ ಜೇಬಿಗೆ ಬರುತ್ತದೆ. ಇನ್ನೊಂದು ಕಡೆ, ಅಲ್ಲಿ ಅವಮಾನಕ್ಕೆ ಒಳಗಾದ ಅಜ್ಜಿಯ ಕೈಯಿಂದಲೇ ನಾನು ಪ್ರತಿ ಮೇ ತಿಂಗಳು ಕರಿ ಇಶಾಡು ಮಾವಿನ ಹಣ್ಣು ಕೊಳ್ಳುತ್ತೇನೆ. ಯಾರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಊರು ಚಿಕ್ಕದು, ಗೊತ್ತಿರುವವರಿಗೆ ಹೇಗೂ ಗೊತ್ತಾಗುತ್ತದೆ.

ನಡೆದದ್ದು

2025ರ ಮೇ 25, ರವಿವಾರ. ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತ್ತು. ಕಾರವಾರದಲ್ಲಿಯೂ ಮಳೆ ಜೂನ್ ತಿಂಗಳಿಗೆ ಕಾಯಲಿಲ್ಲ. ರವಿವಾರದ ಸಂತೆಗೆ ಅಂಕೋಲಾ ಕಡೆಯಿಂದ ಬಂದ ಹಾಲಕ್ಕಿ ಸಮುದಾಯದ ಅಜ್ಜಿ ಹೆಡಿಗೆಯಲ್ಲಿದ್ದ ಹಣ್ಣನ್ನು ಸಿಕ್ಕ ಬೆಲೆಗೆ ಕೊಟ್ಟು ಮುಗಿಸಿದ್ದಳು. ಮಳೆ ಬಿದ್ದ ಮೇಲೆ ಮಾವಿಗೆ ಬೆಲೆಯಿಲ್ಲ. ಒಳಗೆ ಹುಳವಿರುತ್ತದೆ ಎಂದು ಜನ ಮುಖ ತಿರುಗಿಸುತ್ತಾರೆ. ಮೊಮ್ಮಗಳ ಶಾಲೆ ಶುರುವಾಗುವುದರಲ್ಲಿತ್ತು, ಒಂದು ಕೊಡೆ ಬೇಕಿತ್ತು. ಸಂತೆ ಕೂರುವ ಬೀದಿಯ ಎದುರಿಗೇ ಗಾಜಿನ ಬಾಗಿಲಿನ ಈ ಅಂಗಡಿ. ಮಧ್ಯಾಹ್ನ ಮೂರರ ಸುಮಾರಿಗೆ ಒಳಗೆ ಹೋದಳು.

ಬಾಗಿಲಲ್ಲಿ ವಾಚ್‌ಮನ್ ಹೆಡಿಗೆಯನ್ನೂ ಬಟ್ಟೆಯ ಚೀಲವನ್ನೂ ಹೊರಗೆ ಇಡಿಸಿದ. ಟೋಕನ್ ಕೊಡಲಿಲ್ಲ. ಟೋಕನ್ ಇದೆ, ಹಿತ್ತಾಳೆಯ ಬಿಲ್ಲೆ, ನಾನೇ ಖರೀದಿ ಬಿಲ್ಲು ನೋಡಿದ್ದೇನೆ. ಖಾಲಿ ಹೆಡಿಗೆಗೆ ಯಾಕೆ ಎಂದುಕೊಂಡಿರಬೇಕು. ಅವಳ ಹಿಂದೆಯೇ ಒಳಗೆ ಹೋದ ಮಹಿಳೆಯ ಹೆಗಲಲ್ಲಿ ಎರಡು ಕೊಡೆ ಹಿಡಿಸುವಷ್ಟು ದೊಡ್ಡ ಚರ್ಮದ ಚೀಲವಿತ್ತು. ಅದನ್ನು ಯಾರೂ ಕೇಳಲಿಲ್ಲ. ಹೆಲ್ಮೆಟ್ ಕೈಯಲ್ಲಿ ಹಿಡಿದು ಹೋಗುವವರನ್ನೂ ಕೇಳುವುದಿಲ್ಲ. ಹಿಂದಿನ ವರ್ಷ ಕ್ಷೌರದ ಬ್ಲೇಡಿನ ಪೊಟ್ಟಣಗಳು ಸಿಕ್ಕಿಬಿದ್ದದ್ದು ಒಂದು ಹೆಲ್ಮೆಟ್ಟಿನೊಳಗೆ ಎನ್ನುವುದು ಬೇರೆ ಮಾತು.

ಕೊಡೆಗಳ ಮುಂದೆ ನಿಂತ ಅಜ್ಜಿ ಒಂದನ್ನು ತೆಗೆದು ಬಿಚ್ಚಿದಳು. ಕರಾವಳಿಯಲ್ಲಿ ಬಿಚ್ಚಿ ಕಡ್ಡಿ ನೋಡದೆ ಕೊಡೆ ಕೊಳ್ಳುವವರು ಯಾರಿದ್ದಾರೆ? ನಾಲ್ಕು ತಿಂಗಳು ಅದರ ಕೆಳಗೇ ಬದುಕಬೇಕು. ಆ ವಿಭಾಗದ ಹುಡುಗಿ ಬಂದು ಕೈಯಿಂದ ಕಸಿದು ಮಡಚಿದಳು. "ಬಿಚ್ಚಬೇಡ. ತೆಗೆದುಕೊಳ್ಳುವುದಿದ್ದರೆ ಹೇಳು." ಅಜ್ಜಿ ಬೆಲೆ ಕೇಳಿದಳು. 340 ರೂಪಾಯಿ. ಅಷ್ಟರಲ್ಲಿ ಚರ್ಮದ ಚೀಲದ ಮಹಿಳೆ ಏನನ್ನೋ ಕೇಳಿದರು, ಹುಡುಗಿ "ಬನ್ನಿ ಮೇಡಂ" ಎಂದು ಅತ್ತ ತಿರುಗಿದಳು. ಮತ್ತೆ ಇತ್ತ ತಿರುಗಿದಾಗ ಅವಳಿಗೆ ಕಂಡದ್ದು, ಅಜ್ಜಿಯ ಬಲಗೈ ಸೊಂಟದ ಗಂಟಿನೊಳಗೆ ಏನನ್ನೋ ಸಿಕ್ಕಿಸುತ್ತಿರುವುದು. ಪಕ್ಕದ ಕೊಕ್ಕೆಗಳಲ್ಲಿ ಹೆಣ್ಣುಮಕ್ಕಳ ತಲೆಕ್ಲಿಪ್ಪಿನ ಕಾರ್ಡುಗಳು ತೂಗುತ್ತಿದ್ದವು.

ಅಜ್ಜಿ ಬಾಗಿಲಿಗೆ ಬರುವಷ್ಟರಲ್ಲಿ ಹುಡುಗಿ ವಾಚ್‌ಮನ್‌ಗೆ ಸನ್ನೆ ಮಾಡಿ ಆಗಿತ್ತು. ಅವನು ಗಾಜಿನ ಬಾಗಿಲು ಮುಚ್ಚಿ ಅಡ್ಡ ನಿಂತ. "ಸೊಂಟದಲ್ಲಿ ಏನಿದೆ, ತೆಗೆ." ಮ್ಯಾನೇಜರು ಊಟಕ್ಕೆ ಹೋಗಿದ್ದರು, ಬರುವವರೆಗೆ ನಿಲ್ಲಿಸಿಕೊಂಡರು. ಇಪ್ಪತ್ತು ನಿಮಿಷ. ಹೊರಗೆ ಅವಳ ಜೊತೆಯ ಹೆಂಗಸರು ತರಕಾರಿ ಮುಂದಿಟ್ಟುಕೊಂಡು ಕುಳಿತಿದ್ದರು. ಗಾಜಿನಾಚೆ ನಡೆಯುವುದೆಲ್ಲ ಅವರಿಗೆ ಕಾಣುತ್ತಿತ್ತು, ಒಂದು ಮಾತೂ ಕೇಳಿಸುತ್ತಿರಲಿಲ್ಲ. ಮ್ಯಾನೇಜರು ಬಂದರು. ಅವರ ಎದುರಿಗೆ ಹುಡುಗಿಯೇ ಅಜ್ಜಿಯ ಸೊಂಟಕ್ಕೆ ಕೈಹಾಕಿ ಎಳೆದಳು.

ಕವಳದ ಸಂಚಿ, ಎಲೆ ಅಡಿಕೆ ಇಡುವ ಚೀಲ. ಬಟ್ಟೆಯದು, ಮೂರು ಮಡಿಕೆಯದು, ದಾರ ಸುತ್ತಿದ್ದು. ಅದನ್ನು ಬಿಲ್ಲಿಂಗ್ ಕೌಂಟರಿನ ಮೇಲೆ ಕೊಡವಿದರು. ಬಾಡಿದ ಎಲೆ, ಅಡಿಕೆ ಹೋಳು, ತಂಬಾಕಿನ ಎಸಳು, ನಾಲ್ಕು ಮಡಿಕೆ ಮಾಡಿದ ಔಷಧದ ಚೀಟಿ, ಬೆಳಿಗ್ಗೆಯ ಬಸ್ಸಿನ ಶಕ್ತಿ ಯೋಜನೆಯ ಶೂನ್ಯ ದರದ ಟಿಕೆಟ್, ಆಧಾರ್ ಪ್ರತಿ, ಹತ್ತು ಇಪ್ಪತ್ತರ ನೋಟುಗಳು. ಸುಣ್ಣದ ಡಬ್ಬಿಯ ಮುಚ್ಚಳ ಬಿಚ್ಚಿಕೊಂಡು ಕೌಂಟರಿನ ಗಾಜಿನ ಮೇಲೆ ಸುಣ್ಣ ಮೆತ್ತಿತು. ಕ್ಲಿಪ್ಪಿನ ಕಾರ್ಡು ಇರಲಿಲ್ಲ.

"ಸರಿ, ಹೋಗು" ಎಂದರು ಮ್ಯಾನೇಜರು.

ಅಜ್ಜಿ ಹೋಗಲಿಲ್ಲ. ಹುಡುಗಿಯ ಕಡೆ ತಿರುಗಿ, "ತಂಗೀ, ನನ್ನ ದುಡ್ಡನ್ನು ನೀನು ಮುಟ್ಟಿದ್ದೀಯ. ಎಣಿಸಿ ಕೊಡು" ಎಂದಳು. ಬಿಲ್ಲಿಗೆ ನಿಂತಿದ್ದ ನಾಲ್ಕೈದು ಜನರ ಮುಂದೆ ಹುಡುಗಿ ಎಣಿಸಬೇಕಾಯಿತು. 285 ರೂಪಾಯಿ. ಒಂದು ಸಲ ಸಾಲದೆಂದು ಅಜ್ಜಿ ಎರಡನೆಯ ಸಲ ಎಣಿಸಲು ಹೇಳಿದಳು. ಆಮೇಲೆ ಎಲೆಯನ್ನು ಎಲೆಯ ಮಡಿಕೆಗೆ, ನೋಟನ್ನು ನೋಟಿನ ಮಡಿಕೆಗೆ ತಾನೇ ಸೇರಿಸಿ, ದಾರ ಸುತ್ತಿ, ಸಿಕ್ಕಿಸಿಕೊಂಡು ಹೊರಟಳು.

ದೃಶ್ಯದಲ್ಲಿ ಕಂಡದ್ದು

ಬುಧವಾರ ಅಜ್ಜಿಯ ಮೊಮ್ಮಗ ಬಂದ. ಕಾರವಾರದಲ್ಲಿಯೇ ಬಿ.ಕಾಂ. ಎರಡನೆಯ ವರ್ಷ ಓದುವ ಹುಡುಗ. ಕ್ಯಾಮೆರಾದ ದೃಶ್ಯ ಬೇಕೆಂದು ಕೈಬರಹದ ಅರ್ಜಿ ಕೊಟ್ಟು, ಅದರ ಪ್ರತಿಯ ಮೇಲೆ ಸಹಿ ಹಾಕಿಸಿಕೊಂಡು ಹೋದ. ಮಾಲೀಕರು ತಕ್ಷಣ ನನಗೆ ಫೋನ್ ಮಾಡಿದರು. ದೃಶ್ಯ ತಾನಾಗಿಯೇ ಅಳಿಸಿಹೋಗಿದೆ ಎಂದು ಹೇಳಬಹುದೇ ಎನ್ನುವುದು ಅವರ ಮೊದಲ ಪ್ರಶ್ನೆ. ಅವರ ಯಂತ್ರದಲ್ಲಿ ಹದಿನೈದು ದಿನದ ದಾಖಲೆ ಉಳಿಯುತ್ತದೆ, ಅರ್ಜಿಗೆ ಬಿದ್ದ ಸಹಿ ಮೂರನೆಯ ದಿನದ್ದು. ಅದನ್ನು ನೆನಪಿಸಿದೆ. ಅಳಿಸಿದರೆ ಮುಂದಿನ ತಿಂಗಳಿಂದ ಬೇರೆ ಲೆಕ್ಕಿಗನನ್ನು ನೋಡಿಕೊಳ್ಳಿ ಎಂದೂ ಹೇಳಿದೆ. ಇಂಥ ಮಾತನ್ನು ನಾನು ಗ್ರಾಹಕರಿಗೆ ಹೇಳಿದ್ದು ಬಹಳ ಕಡಿಮೆ.

ಮಾಲೀಕರು, ಮ್ಯಾನೇಜರು, ನಾನು ಮೂವರೂ ಕುಳಿತು ನೋಡಿದೆವು. ಶಬ್ದವಿಲ್ಲದ ದೃಶ್ಯ. ಬೆಲೆ ಕೇಳಿದ ಮೇಲೆ ಅಜ್ಜಿ ಸೊಂಟದಿಂದ ಸಂಚಿ ತೆಗೆಯುತ್ತಾಳೆ, ಹಲ್ಲಿನಿಂದ ದಾರ ಬಿಚ್ಚುತ್ತಾಳೆ, ನೋಟುಗಳನ್ನು ಒಂದೊಂದೇ ಹೆಬ್ಬೆರಳಿನಿಂದ ಸರಿಸುತ್ತಾಳೆ. ಎಣಿಕೆ ಮುಗಿದ ಮೇಲೆ ಕೊಡೆಯ ಕಡೆ ಒಮ್ಮೆ ನೋಡುತ್ತಾಳೆ. ಮತ್ತೆ ಮಡಚಿ ಸೊಂಟಕ್ಕೆ ಸಿಕ್ಕಿಸುತ್ತಾಳೆ. ಎಲ್ಲ ಸೇರಿ ನಲವತ್ತು ಸೆಕೆಂಡು. ಹುಡುಗಿ ನೋಡಿದ್ದು ಕೊನೆಯ ಮೂರು ಸೆಕೆಂಡು.

"ಅವಳದ್ದೇನು ತಪ್ಪು, ಕಂಡದ್ದನ್ನು ಹೇಳಿದಳು" ಎಂದರು ಮಾಲೀಕರು. ನಾನು ಒಂದೇ ಪ್ರಶ್ನೆ ಕೇಳಿದೆ: ಕ್ಲಿಪ್ಪಿನ ಕಾರ್ಡು ಒಂದು ಕಡಿಮೆಯಾಗಿತ್ತೇ? ಮ್ಯಾನೇಜರಿಗೆ ಗೊತ್ತಿರಲಿಲ್ಲ. ಹುಡುಗಿಯನ್ನು ಕರೆಸಿ ಕೇಳಿದರು, ಅವಳಿಗೂ ಗೊತ್ತಿರಲಿಲ್ಲ. ಕೊಕ್ಕೆಯಲ್ಲಿ ಎಷ್ಟಿದ್ದವು ಎಂದು ಆ ದಿನ ಬೆಳಿಗ್ಗೆಯೂ ಯಾರೂ ಎಣಿಸಿರಲಿಲ್ಲ, ಸಂಜೆಯೂ ಎಣಿಸಲಿಲ್ಲ. ಕಾಣೆಯಾದ ವಸ್ತುವೇ ಇಲ್ಲದ ಕಳವಿಗೆ ಕಳ್ಳಿ ಮಾತ್ರ ಸಿಕ್ಕಿದ್ದಳು.

ಹುಡುಗಿಯ ಮಾತಿನ ಬಗ್ಗೆ ಇಲ್ಲಿ ಒಂದು ಸೇರಿಸಬೇಕು. ಮೊಮ್ಮಗನ ಅರ್ಜಿಯಲ್ಲಿ "ಏಕವಚನದಲ್ಲಿ ಮಾತನಾಡಿದರು" ಎಂಬ ದೂರು ಮೊದಲಿಗೇ ಇತ್ತು. ಹುಡುಗಿ ಕಾಳಿ ನದಿಯಾಚೆಯ ಸದಾಶಿವಗಡದವಳು, ಮನೆಮಾತು ಕೊಂಕಣಿ. ಕೊಂಕಣಿಯ ಎಷ್ಟೋ ಮನೆಗಳಲ್ಲಿ ತಾಯಿಗೂ ಅಜ್ಜಿಗೂ 'ತೂಂ' ಎನ್ನುವುದೇ ಪ್ರೀತಿ. ನಮ್ಮ ಕಡೆಯ ಕನ್ನಡದಲ್ಲಿಯೂ ಅಜ್ಜಿಗೆ ಬಹುವಚನ ಹಾಕಿದರೆ ಅವಳೇ ನಗುತ್ತಾಳೆ. ನಾನೂ ಇಲ್ಲಿ 'ಬಂದಳು, ಹೋದಳು' ಎಂದೇ ಬರೆಯುತ್ತಿದ್ದೇನೆ. ಒರಟುತನ ಇದ್ದದ್ದು 'ನೀನು' ಎಂಬಲ್ಲಿ ಅಲ್ಲ. ಒಂದೇ ನಿಮಿಷದಲ್ಲಿ, ಒಂದೇ ಬಾಯಿ, ಇತ್ತ 'ಬಿಚ್ಚಬೇಡ' ಎಂದು ಅತ್ತ 'ಬನ್ನಿ ಮೇಡಂ' ಎಂದಿತಲ್ಲ, ಅಲ್ಲಿ.

ಇನ್ನು ಅಜ್ಜಿಯ ಉಡುಗೆ: ಕೊರಳ ತುಂಬ ಮಣಿಸರ, ಕತ್ತಿನ ಹತ್ತಿರ ಗಂಟು ಹಾಕಿ ಉಟ್ಟ ಸೀರೆ, ಬರಿಗಾಲು. 2021ರ ನವೆಂಬರಿನಲ್ಲಿ ಇದೇ ಅಂಕೋಲಾ ತಾಲ್ಲೂಕಿನ, ಗಿಡ ಬೆಳೆಸಿ ಹೆಸರಾದ ಹಾಲಕ್ಕಿ ಸಮುದಾಯದ ತುಳಸಿ ಗೌಡ ಅವರು ಇದೇ ಉಡುಗೆಯಲ್ಲಿ, ಬರಿಗಾಲಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆದಾಗ ಆ ಚಿತ್ರವನ್ನು ನನಗೆ ಮೊದಲು ಕಳಿಸಿದ್ದು ಈ ಮಾಲೀಕರೇ. "ನಮ್ಮ ಜಿಲ್ಲೆಯ ಹೆಮ್ಮೆ" ಎಂದು ಬರೆದಿದ್ದರು. ಅದನ್ನು ಅವರಿಗೆ ನೆನಪಿಸಲಿಲ್ಲ. ನೆನಪಿಸಬೇಕಿತ್ತೇನೋ.

ಕೊರತೆ ಎಂಬ ಅಂಕಿ

ಸರಪಳಿಯ ಮೊದಲ ಕೊಂಡಿ ನಾನೇ ಎಂದು ನನಗೆ ತಿಳಿದದ್ದು ಆಮೇಲೆ.

ಮಾರ್ಚ್ 31ರ ತಾಳೆಯಲ್ಲಿ ಪುಸ್ತಕದ ಸ್ಟಾಕಿಗೂ ಕಪಾಟಿನ ಸ್ಟಾಕಿಗೂ 38,640 ರೂಪಾಯಿ ವ್ಯತ್ಯಾಸ ಬಂದಿತ್ತು. ನಾನು ವರದಿಯಲ್ಲಿ 'ಕೊರತೆ' ಎಂದು ಒಂದೇ ಸಾಲಿನಲ್ಲಿ ಬರೆದೆ. ಜೊತೆಗೆ ಎಚ್ಚರಿಕೆಯನ್ನೂ ಬರೆದೆ: ಜಿಎಸ್‌ಟಿ ಕಾಯ್ದೆಯ 17(5)(ಎಚ್) ಪ್ರಕಾರ ಕಳೆದುಹೋದ, ಕಳವಾದ, ನಾಶವಾದ ಅಥವಾ ಲೆಕ್ಕದಿಂದ ಕೈಬಿಟ್ಟ ಸರಕಿನ ಮೇಲೆ, ಖರೀದಿಯಲ್ಲಿ ಕಟ್ಟಿದ ತೆರಿಗೆಯ ಜಮೆ ಸಿಗುವುದಿಲ್ಲ, ಪಡೆದಿದ್ದರೆ ಹಿಂತಿರುಗಿಸಬೇಕು. ಅಂದರೆ ಮಾಲು ಹೋದದ್ದಲ್ಲದೆ ಅದರ ತೆರಿಗೆಯೂ ಕೈಯಿಂದ. ಕಾನೂನು ಹೇಳಿದ್ದನ್ನೇ ನಾನು ಹೇಳಿದ್ದು. ಆದರೆ ಮಾಲೀಕರು 'ಕೊರತೆ' ಎಂಬುದನ್ನು 'ಕಳವು' ಎಂದು ಓದಿಕೊಂಡರು. ಏಪ್ರಿಲ್‌ನಿಂದ ಆರು ಜನ ನೌಕರರ ಸಂಬಳದಿಂದ ತಲಾ 500 ರೂಪಾಯಿ ಮುರಿಯತೊಡಗಿದರು. ಕಳವು ಹಿಡಿದರೆ ಆ ತಿಂಗಳ ಕಡಿತ ಮಾಫಿ.

ಈ ಕಡೆಯ ಮಾತು ನನಗೆ ಗೊತ್ತಾದದ್ದು ಹುಡುಗಿಯನ್ನು ಬೇರೆಯಾಗಿ ಕೂರಿಸಿ ಕೇಳಿದಾಗ. ಬೆಳಿಗ್ಗೆ ಒಂಬತ್ತೂವರೆಯಿಂದ ರಾತ್ರಿ ಎಂಟರವರೆಗೆ ನಿಂತೇ ಇರುತ್ತಾಳೆ, ಕೂರಲು ಸ್ಟೂಲಿಲ್ಲ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ನೌಕರರಿಗೆ ಕೂರುವ ಹಕ್ಕನ್ನು ಕಾನೂನಿನಲ್ಲಿಯೇ ಬರೆದವು ಎಂದಾಗ ಅವಳು ನನ್ನನ್ನು ನೋಡಿದ ರೀತಿ, ತಮಾಷೆ ಮಾಡುತ್ತಿದ್ದೇನೆ ಎಂಬಂತಿತ್ತು. "ಸರ್, ಒಂದು ಕಣ್ಣು ತಪ್ಪಿದರೆ ನನ್ನ ಐನೂರು" ಎಂದಳು. ಚರ್ಮದ ಚೀಲದವರ ಹಿಂದೆ ಯಾಕೆ ಹೋಗುವುದಿಲ್ಲ ಎಂದು ಕೇಳಿದೆ. ಅವರು ಮಾಲೀಕರಿಗೆ ಫೋನ್ ಮಾಡಿ ದೂರು ಹೇಳುತ್ತಾರೆ, ಹಾಗೆ ಒಮ್ಮೆ ಬೈಸಿಕೊಂಡಿದ್ದಾಳೆ. ದೂರು ಹೇಳಲಾರದವರ ಹಿಂದೆ ಹೋಗುವುದೇ ಕ್ಷೇಮ. ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಎರಡು ತಿಂಗಳಲ್ಲಿ ತಾನೇ ಕಲಿತದ್ದು.

ಜೂನ್ ಮೊದಲ ವಾರ ಮೂರು ಸಂಜೆ ಕುಳಿತು ಆ 38,640ನ್ನು ಬಿಡಿಸಿದೆ. ಮಾರ್ಚಿನಲ್ಲೇ ಮಾಡಬೇಕಾದ ಕೆಲಸ, ಸೋಮಾರಿತನದಿಂದ ಬಿಟ್ಟದ್ದು. ಬಟ್ಟೆ ಸೋಪಿನ ಪುಡಿಯ ಪೆಟ್ಟಿಗೆಯಲ್ಲಿ ಕಂಪನಿ 24ರ ಬದಲು 20 ಪೊಟ್ಟಣ ಹಾಕತೊಡಗಿತ್ತು. ನಮ್ಮ ಹುಡುಗ ಹಳೆಯ ಅಭ್ಯಾಸದಲ್ಲಿ 24 ಎಂದೇ ಒಳಗೆ ತೆಗೆದುಕೊಂಡಿದ್ದ, ಅದೂ ಐದು ತಿಂಗಳು. ಅವಧಿ ಮುಗಿದ ಬಿಸ್ಕತ್ತನ್ನು ವಿತರಕರ ಹುಡುಗ ಹೊತ್ತುಕೊಂಡು ಹೋಗಿದ್ದ, ಅದಕ್ಕೆ ಬರಬೇಕಾದ ಜಮೆ ಚೀಟಿ ಬಂದೇ ಇರಲಿಲ್ಲ. ಮಳೆಗಾಲದ ಥಂಡಿಗೆ ಬೆಂಕಿಪೊಟ್ಟಣ, ಹಪ್ಪಳ ಹಾಳಾಗಿದ್ದವು, ಬಿಸಾಡಿದವರು ಬರೆದಿರಲಿಲ್ಲ. ಇಲಿಯ ಪಾಲು ಬೇರೆ. ಒಂದೇ ಬೆಲೆಯ ಎರಡು ಬಗೆಯ ಸೋಪು ಬಂದರೆ ಬಿಲ್ಲಿಂಗಿನವರು ಅವಸರದಲ್ಲಿ ಒಂದನ್ನೇ ಎರಡು ಸಲ ಸ್ಕ್ಯಾನ್ ಮಾಡುತ್ತಾರೆ; ಗಲ್ಲಾಪೆಟ್ಟಿಗೆಗೆ ಹಣ ಸರಿಯಾಗಿಯೇ ಬರುತ್ತದೆ, ಪುಸ್ತಕದಲ್ಲಿ ಒಂದು ಸೋಪು ಕಡಿಮೆ, ಇನ್ನೊಂದು ಹೆಚ್ಚು. ಹೆಚ್ಚು ಬಂದದ್ದನ್ನು ನಾವು ಯಾರೂ ನೋಡಿಯೇ ಇರಲಿಲ್ಲ. 23,000ಕ್ಕಿಂತ ಹೆಚ್ಚಿನ ಮೊತ್ತಕ್ಕೆ ಕಾಗದದಲ್ಲಿಯೇ ಉತ್ತರ ಸಿಕ್ಕಿತು. ಉಳಿದದ್ದರಲ್ಲಿ ಕಳವು ಇಲ್ಲವೆನ್ನುವುದಿಲ್ಲ. ಚಾಕೊಲೇಟು, ಸೆಂಟು, ಬ್ಲೇಡು ಹೋಗುತ್ತವೆ, ಗೋದಾಮಿನ ಹಿಂಬಾಗಿಲಿನಿಂದಲೂ ಹೋಗಿರಬಹುದು. ಆದರೆ ಅದಕ್ಕೆ ಉಡುಗೆ ನೋಡಿ ಕಳ್ಳರನ್ನು ಹುಡುಕುವ ಲೆಕ್ಕಶಾಸ್ತ್ರ ನನಗೆ ತಿಳಿಯದು.

ಮಾಲೀಕರ ತಂದೆಯ ಕಾಲದಲ್ಲಿ ಇದೇ ಜಾಗದಲ್ಲಿ ಕಿರಾಣಿ ಅಂಗಡಿಯಿತ್ತು. ಮಾಲು ಮತ್ತು ಗಿರಾಕಿಯ ನಡುವೆ ಮರದ ಅಡ್ಡಹಲಗೆ. ಕೇಳಿದ್ದನ್ನು ಒಳಗಿನವರು ತೂಗಿ, ಕಾಗದದಲ್ಲಿ ಕಟ್ಟಿ ಕೊಡುತ್ತಿದ್ದರು. ಉದ್ರಿ ಪುಸ್ತಕದಲ್ಲಿ ಈ ಅಜ್ಜಿಯ ಗಂಡನ ಹೆಸರೂ ಇತ್ತಂತೆ. ಈಗ ಹಲಗೆ ತೆಗೆದು "ನೀವೇ ಆರಿಸಿಕೊಳ್ಳಿ" ಎಂದಿದ್ದಾರೆ. ಮುಟ್ಟಲಿ ಎಂದೇ ಮಾಲನ್ನು ಕೈಗೆಟಕುವ ಎತ್ತರಕ್ಕೆ ಇಳಿಸಿದ್ದಾರೆ. ಮುಟ್ಟಿದರೆ ಒಬ್ಬಳು ಹಿಂದೆ ಬರುತ್ತಾಳೆ.

ಕಾನೂನು ಎಲ್ಲಿ ನಿಲ್ಲುತ್ತದೆ

ಮೊಮ್ಮಗ ಮೊದಲು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡುವ ಯೋಚನೆಯಲ್ಲಿದ್ದ. ನಾನೇ ಅವನಿಗೆ ಹೇಳಬೇಕಾಯಿತು: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ಎಂದರೆ ಹಣ ಕೊಟ್ಟು ಅಥವಾ ಕೊಡುವುದಾಗಿ ಒಪ್ಪಿ ಸರಕು ಕೊಂಡವರು. ನಿನ್ನ ಅಜ್ಜಿ ಏನನ್ನೂ ಕೊಳ್ಳಲಿಲ್ಲ. ಒಂದು ಬೆಂಕಿಪೊಟ್ಟಣ ಕೊಂಡಿದ್ದರೂ ಮಾತು ಬೇರೆಯಾಗುತ್ತಿತ್ತು. 55 ರೂಪಾಯಿ ಕಡಿಮೆ ಬಿದ್ದದ್ದರಿಂದ ಅವಳು ಅನುಮಾನಕ್ಕೂ ಬಿದ್ದಳು, ಗ್ರಾಹಕಳೂ ಆಗಲಿಲ್ಲ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ಹಾಗಾದರೆ ಬರಿಗೈಯಲ್ಲಿ ಹೊರಗೆ ಬರುವವರಿಗೆ ಏನೂ ಇಲ್ಲವೇ?" ಎಂದು ಕೇಳಿದ.

ಇದೆ. ಅದು ಅಂಗಡಿಯವರಿಗೆ ಇನ್ನೂ ಹೆಚ್ಚು ತೊಂದರೆಯದು. ಮಾಲೀಕರಿಗೆ ಅದನ್ನು ಬರೆದೇ ಕೊಟ್ಟೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಒಬ್ಬರನ್ನು ಅಕ್ರಮವಾಗಿ ತಡೆಯುವುದು 126ನೇ ಕಲಮು, ಅಕ್ರಮವಾಗಿ ಕೂಡಿಹಾಕುವುದು 127ನೇ ಕಲಮು. ಎರಡನೆಯದಕ್ಕೆ ಒಂದು ವರ್ಷದವರೆಗೆ ಸೆರೆ ಇದೆ. ಗಾಜಿನ ಬಾಗಿಲು, ಇಪ್ಪತ್ತು ನಿಮಿಷ, ಎಲ್ಲವೂ ಅವರದೇ ಕ್ಯಾಮೆರಾದಲ್ಲಿದೆ. ಕಳ್ಳರನ್ನು ಹಿಡಿಯಬಾರದೇ ಎಂದು ಅವರು ವಾದಿಸಿದರು. ಬಂಧನ, ತಪಾಸಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮಿನಂತೆ ಖಾಸಗಿ ವ್ಯಕ್ತಿಯೂ ಹಿಡಿಯಬಹುದು ನಿಜ. ಆದರೆ ತನ್ನ ಎದುರಿಗೇ ಅಪರಾಧ ನಡೆದಿರಬೇಕು, ಅದು ಜಾಮೀನಿಲ್ಲದ, ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದಾದ ಅಪರಾಧವಾಗಿರಬೇಕು, ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಇವರು ಪೊಲೀಸರಿಗೆ ಫೋನ್ ಮಾಡಿರಲೇ ಇಲ್ಲ. ಇನ್ನು ಮೈ ತಪಾಸಣೆ: ಅದೇ ಸಂಹಿತೆಯ 49ನೇ ಕಲಮಿನಂತೆ ಖಾಸಗಿಯವರು ಹಿಡಿದುಕೊಟ್ಟಾಗಲೂ ತಪಾಸಣೆ ಮಾಡುವ ಅಧಿಕಾರ ಒಪ್ಪಿಸಿಕೊಂಡ ಪೊಲೀಸ್ ಅಧಿಕಾರಿಯದು. ಅಂಗಡಿಯವರದಲ್ಲ. ಹೆಂಗಸೇ ಹೆಂಗಸಿನ ಸೊಂಟಕ್ಕೆ ಕೈಹಾಕಿದಳು ಎಂಬುದು ಇಲ್ಲಿ ಸಮಾಧಾನವಾಗುವುದಿಲ್ಲ.

ಸಂಬಳ ಕಡಿತದ ಬಗ್ಗೆಯೂ ಎರಡು ಸಾಲು ಸೇರಿಸಿದೆ. ನೌಕರನ ವಶಕ್ಕೇ ಒಪ್ಪಿಸಿದ ಮಾಲು, ಅವನ ನಿರ್ಲಕ್ಷ್ಯದಿಂದಲೇ ಆದ ನಷ್ಟ, ಮುರಿಯುವ ಮೊದಲು ಅವನ ಮಾತು ಕೇಳುವುದು, ಇವು ಮೂರೂ ಇರಬೇಕೆಂಬ ತತ್ವ 1936ರ ವೇತನ ಪಾವತಿ ಕಾಯ್ದೆಯಷ್ಟು ಹಳೆಯದು. ಕೊರತೆಯನ್ನು ಆರರಿಂದ ಭಾಗಿಸುವುದು ಅದಕ್ಕೆ ಉತ್ತರವಲ್ಲ.

ಅಜ್ಜಿ ಕೇಳಿದ್ದು

ಮಾಲೀಕರು ಒಂದು ಕೊಡೆ, 2,000 ರೂಪಾಯಿ, ಬಾಯಿಮಾತಿನ ಕ್ಷಮೆ ಇಷ್ಟಕ್ಕೆ ತಯಾರಾದರು. ಮೊಮ್ಮಗನಿಗೆ ಹುಡುಗಿಯನ್ನು ಕೆಲಸದಿಂದ ತೆಗೆಸಬೇಕಿತ್ತು. ಅಜ್ಜಿ ಎರಡನ್ನೂ ಒಪ್ಪಲಿಲ್ಲ. ಅವಳು ನನ್ನ ಕಚೇರಿಗೆ ಬಂದು ಕುರ್ಚಿಯಲ್ಲಿ ಕೂರದೆ ಬಾಗಿಲ ಪಕ್ಕ ನೆಲದ ಮೇಲೆ ಕುಳಿತು ಹೇಳಿದಳು: "ಒಡೆಯಾ, ಒಳಗೆ ಕ್ಷಮೆ ಕೇಳಿದರೆ ಯಾರಿಗೆ ಕೇಳುತ್ತದೆ? ಹೊರಗೆ ಕುಳಿತವರು ಗಾಜಿನಲ್ಲಿ ನೋಡಿದ್ದಾರೆ. ಸೊಂಟದಿಂದ ಏನನ್ನೋ ತೆಗೆದರು ಎಂದು ನೋಡಿದ್ದಾರೆ. ಏನು ತೆಗೆದರು ಎಂದು ಅವರಿಗೆ ಕಂಡಿಲ್ಲ. ಅವರ ಮುಂದೆ ಬಂದು ಹೇಳಲಿ." ಅವಳ ಊರಿನಲ್ಲಿ ಆಗಲೇ ಎರಡು ಕಥೆ ಹುಟ್ಟಿದ್ದವು. ಒಂದರಲ್ಲಿ ಬೆಳ್ಳಿ ಸರ ಸಿಕ್ಕಿತ್ತು.

ಇಷ್ಟೇ. ಕಾಸು ಖರ್ಚಿಲ್ಲದ ಬೇಡಿಕೆ. ಮಾಲೀಕರಿಗೆ ಅದೇ ಎಲ್ಲಕ್ಕಿಂತ ದುಬಾರಿಯಾಗಿ ಕಂಡಿತು. ಬೀದಿಯಲ್ಲಿ ನಿಂತು ಹೇಳುವುದೆಂದರೆ ಹೇಗೆ, ಇನ್ನೊಂದು 3,000 ಹೆಚ್ಚು ಕೊಡೋಣ ಎಂದರು. ಮೂರು ರವಿವಾರ ಕಳೆದವು. ಜೂನ್ 22ರಂದು ಮಳೆ ಬಿಟ್ಟ ಹೊತ್ತಿನಲ್ಲಿ ಹೋದರು, ಜೊತೆಗೆ ನಾನೂ ಇದ್ದೆ. ಮಾವಿನ ಕಾಲ ಮುಗಿದಿತ್ತು. ಅಜ್ಜಿ ಅಂದು ಬಂದಿರಲಿಲ್ಲ. ಮಾಲೀಕರು ತಿರುಗಿ ಹೊರಟವರನ್ನು ನಾನೇ ನಿಲ್ಲಿಸಿದೆ. ಬಸಳೆ ಸೊಪ್ಪಿನ ಮುಂದೆ ಕುಳಿತ ಮೂವರು ಹೆಂಗಸರ ಎದುರು, ಪಂಚೆಯನ್ನು ಕೆಸರಿನಿಂದ ಎತ್ತಿ ಹಿಡಿದುಕೊಂಡು, ಅವರು ಹೇಳಿದರು: ಅವಳ ಹತ್ತಿರ ಇದ್ದದ್ದು ಕವಳದ ಸಂಚಿ ಮಾತ್ರ, ತಪ್ಪು ನಮ್ಮದು. ಹೆಂಗಸರಲ್ಲಿ ಒಬ್ಬಳು, "ನಮಗೆ ಗೊತ್ತಿತ್ತು. ನಿಮಗೆ ಗೊತ್ತಾಗಲಿ ಎಂದು ಕಾಯುತ್ತಿದ್ದೆವು" ಎಂದಳು. ಇನ್ನೊಬ್ಬಳು ಸೊಪ್ಪು ಬೇಕೇ ಎಂದು ಕೇಳಿದಳು. ಎರಡು ಕಟ್ಟು ಕೊಂಡರು, ಚೌಕಾಸಿ ಮಾಡಲಿಲ್ಲ.

ಕಡಿತ ನಿಂತಿತು. ಎರಡು ಸ್ಟೂಲು ಬಂದವು. ಚೀಲದ ನಿಯಮವನ್ನು ಎಲ್ಲರಿಗೂ ಒಂದೇ ಮಾಡಿದರು. ಹೆಗಲಚೀಲದವರು ಗಲಾಟೆ ಮಾಡಿದ್ದರಿಂದ ಹತ್ತೇ ದಿನದಲ್ಲಿ ಮತ್ತೆ ಮೊದಲಿನಂತಾಯಿತು, ಬಟ್ಟೆಯ ಚೀಲ ಹೊರಗೆ, ಚರ್ಮದ ಚೀಲ ಒಳಗೆ. ಟೋಕನ್ ಮಾತ್ರ ಈಗ ಹೆಡಿಗೆಗೂ ಕೊಡುತ್ತಾರೆ. ಕೊಡೆಗಳ ಮೇಲೊಂದು ಹೊಸ ಕ್ಯಾಮೆರಾ ಹಾಕಿದ್ದಾರೆ. ಹುಡುಗಿ ಆಗಸ್ಟಿನಲ್ಲಿ ಕೆಲಸ ಬಿಟ್ಟು ಗೋವಾದ ಮಡಗಾಂವಿಗೆ ಹೋದಳು, ಅಲ್ಲಿಯೂ ಅಂಗಡಿಯಲ್ಲೇ.

ಜುಲೈನಲ್ಲಿ ಅಜ್ಜಿ ಕಳಲೆ ಮಾರಲು ಬಂದಿದ್ದಾಗ ಕೊಡೆಯ ಬಗ್ಗೆ ಕೇಳಿದೆ. ಬಸ್ ನಿಲ್ದಾಣದ ಹತ್ತಿರ ರಸ್ತೆ ಬದಿಯವನ ಹತ್ತಿರ ಕೊಂಡಳಂತೆ, 260 ರೂಪಾಯಿಗೆ. ಅವನೇ ಒಂದಾದ ಮೇಲೊಂದು ನಾಲ್ಕು ಕೊಡೆ ಬಿಚ್ಚಿ ಕೈಗೆ ಕೊಟ್ಟನಂತೆ. "ಮೂರರ ಕಡ್ಡಿ ಸಡಿಲವಿತ್ತು" ಎಂದಳು.